ಬಿಳಿಯ ದಾರ

ಎದುರಿಗೆ ನಿಂತವನ ತೋಳಿನ ಅಂಚನ್ನು ನೋಡಿ, ಅವನನ್ನು ಎಲ್ಲಿ ಕೂರಿಸಬೇಕೆಂದು ನೀವೂ ಎಂದಾದರೂ ತೀರ್ಮಾನಿಸಿಲ್ಲವೆ? ಇಲ್ಲವೆಂದು ಹೇಳುವ ಮುನ್ನ ಒಂದು ಗಳಿಗೆ ತಡೆಯಿರಿ. ನಾನೂ ಇಲ್ಲವೆಂದೇ ಹೇಳುತ್ತಿದ್ದೆ.

ಕರಿಯ ಕೋಟಿನ ತೋಳಿನ ತುದಿಯಲ್ಲಿ ಸಾಲಾಗಿ ಓಡುವ ಬಿಳಿಯ ದಾರದ ಉದ್ದುದ್ದ ಹೊಲಿಗೆ. ಆ ದಿನಗಳನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅದು. ನಾನು ಆಗ ಕೈಕಸುಬಿನ ತರಬೇತಿ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ವರ್ಷಕ್ಕೊಮ್ಮೆ ನಮ್ಮ ಸಭಾಂಗಣದಲ್ಲಿ ಉದ್ಯೋಗ ಮೇಳ ನಡೆಯುತ್ತಿತ್ತು. ನದಿಯಾಚೆಯ ದೊಡ್ಡ ಕಾರ್ಖಾನೆಯವರು ಬಂದು ಸಂದರ್ಶನ ಮಾಡಿ ಹುಡುಗರನ್ನು ಆರಿಸಿಕೊಂಡು ಹೋಗುತ್ತಿದ್ದರು. ಅವರ ಪ್ರಕಟಣೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: ಅಭ್ಯರ್ಥಿಗಳು ಕರಿಯ ಕೋಟು ಧರಿಸಿ ಬರತಕ್ಕದ್ದು.

ಕೋಟಿಲ್ಲದ ಹುಡುಗರಿಗಾಗಿ ನಾನು ನಾಲ್ಕು ಹಳೆಯ ಕೋಟುಗಳನ್ನು ಬೇಡಿ ತಂದು ಶಾಲೆಯ ಕಪಾಟಿನಲ್ಲಿಟ್ಟಿದ್ದೆ. ಉಗುರು ಕತ್ತರಿಸುವುದು, ಬೂಟಿಗೆ ಬಣ್ಣ ತಿಕ್ಕುವುದು, ಕೂರೆನ್ನುವವರೆಗೆ ನಿಂತಿರುವುದು, ತಂದೆಯ ಹೆಸರನ್ನು ನುಂಗದೆ ಹೇಳುವುದು, ಇವೆಲ್ಲವನ್ನೂ ಕಲಿಸುತ್ತಿದ್ದೆ. ಪ್ರತಿವರ್ಷ ಹೊಸ ಮೈಗೆ ತಕ್ಕಂತೆ ಕೋಟಿನ ತೋಳನ್ನು ಮಡಿಚಿ ಕಚ್ಚಾ ಹೊಲಿಗೆ ಹಾಕಿಕೊಡುವವರು ದರ್ಜಿ ಖಾಜಾಸಾಬರು.

ಆ ವರ್ಷ ದೊಡ್ಡ ಕೋಟು ಬರಮಪ್ಪನ ಪಾಲಿಗೆ ಬಂದಿತ್ತು. ತಂದೆಯಿಲ್ಲದ, ಕಡ್ಡಿಯಂತಹ ಹುಡುಗ. ಖಾಜಾಸಾಬರ ಕನ್ನಡಿಯ ಮುಂದೆ ನಿಂತು ಆಚೀಚೆ ತಿರುಗಿದ.

"ಸಾಬರ, ನಾ ವಕೀಲನಂಗ ಕಾಣತೀನೋ, ಬ್ಯಾಂಡ್ ಬಾರಸಾಂವನಂಗೋ?"

"ಮದುವಿ ಗಂಡಿನಂಗ ಕಾಣ್ತಿ," ಎಂದರು ಸಾಬರು, ಬಾಯಲ್ಲಿದ್ದ ಗುಂಡುಸೂಜಿಗಳ ನಡುವಿನಿಂದ. "ಬಾಯಿ ತಗೀದಿದ್ರ ಸಾಕು."

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಮಾಸ್ತರ, ಈ ಸಲ ಕರೀ ದಾರದಾಗ ಪಕ್ಕಾ ಹೊಲದು ಕೊಡತೀನ್ರಿ. ಬಿಳೀ ದಾರ ಕಣ್ಣಿಗೆ ಹೊಡೀತೈತಿ."

"ಹೊಡೀಲಿ," ಎಂದೆ. "ಎರವಲು ಅರಿವಿ ಅನ್ನೂದು ಹುಡುಗನ ನೆನಪಿನ್ಯಾಗ ಇರಬೇಕು. ತನ್ನದಲ್ಲದ್ದನ್ನ ತನ್ನದು ಅಂತ ತೋರಸೂದು ಸುಳ್ಳು ಹೇಳಿದಂಗ."

"ಹುಡುಗಗ ನೆನಪಿರ್ತೈತಿ ಬಿಡ್ರಿ. ನೋಡಾವ್ರಿಗೆ ಯಾಕ ನೆನಪು ಮಾಡಿಕೊಡ್ತೀರಿ?"

ಸತ್ಯವನ್ನು ಸಮರ್ಥಿಸುವ ಅಗತ್ಯವಿಲ್ಲವೆಂದು ನಂಬಿದ್ದವನು ನಾನು. ಅಲ್ಲದೆ ನನ್ನ ನೀತಿಗೆ ಫಲವೂ ಕಣ್ಣೆದುರಿಗಿತ್ತು. ಮೂರು ವರ್ಷಗಳಲ್ಲಿ ಎರವಲು ಕೋಟು ತೊಟ್ಟ ಹನ್ನೆರಡು ಹುಡುಗರಲ್ಲಿ ಒಬ್ಬನೂ ಬರಿಗೈಯಲ್ಲಿ ಹಿಂದಿರುಗಿರಲಿಲ್ಲ. ಸ್ವಂತ ಕೋಟಿನವರಲ್ಲಿಯೇ ಅರ್ಧಕ್ಕರ್ಧ ಬಿದ್ದುಹೋಗುತ್ತಿದ್ದರು.

ನನ್ನ ಕೊರಗು ಒಂದೇ. ಕೆಲಸ ಸಿಕ್ಕವನು ಮುಂದಿನವರಿಗಾಗಿ ಶಾಲೆಗೊಂದು ಕೋಟು ಕಳಿಸಬೇಕೆಂಬುದು ನಾನು ಹಾಕಿದ ಕಟ್ಟಳೆ. ಹನ್ನೆರಡರಲ್ಲಿ ಒಬ್ಬನೂ ಕಳಿಸಲಿಲ್ಲ. ಕೃತಘ್ನತೆಯ ಮೇಲೆ ನಾನು ತರಗತಿಯಲ್ಲಿ ಎಷ್ಟು ಪಾಠ ಹೇಳಿದೆನೋ ಲೆಕ್ಕವಿಲ್ಲ.

ಮೇಳಕ್ಕೆ ಎರಡು ದಿನವಿದ್ದಾಗ ಬಸ್ ನಿಲ್ದಾಣದಲ್ಲಿ ಸಿದ್ಲಿಂಗ ಸಿಕ್ಕಿದ. ಹಿಂದಿನ ವರ್ಷ ಅದೇ ದೊಡ್ಡ ಕೋಟು ತೊಟ್ಟು ಆಯ್ಕೆಯಾಗಿದ್ದವನು. ಬಿರುಬಿಸಿಲಿನಲ್ಲಿ ಶಾಲು ಹೊದ್ದು ಕೂತಿದ್ದ. ಅವನ ರೆಪ್ಪೆಗಳ ಬುಡದಲ್ಲಿ ತೊಳೆದರೂ ಹೋಗದಂತಹ ಬೂದು ಬಿಳುಪಿತ್ತು. ನನ್ನನ್ನು ಕಂಡು ಎದ್ದು ನಿಂತ, ಕಲಿಸಿದ್ದನ್ನು ಮರೆತಿರಲಿಲ್ಲ.

"ಕೋಟು ಎಲ್ಲಪಾ?" ಎಂದೆ ನಾನು.

"ಕಳಸ್ತೀನ್ರಿ ಮಾಸ್ತರ." ಕೆಮ್ಮು ಬಂದು ಮಾತು ನಿಂತಿತು. "ಬರಮ್ಯಾ ಈ ವರ್ಷ ಸಾಲಿನ್ಯಾಗ ಅದಾನೇನ್ರಿ?"

"ಅದಾನ. ಅವನರೆ ಉಂಡ ಮನಿಗೆ ಎರಡು ಬಗೀದಂಗ ಇರಲಿ."

"ಅವಗೊಂದು ಮಾತು ಹೇಳ್ರಿ..." ಮತ್ತೆ ಕೆಮ್ಮು. ಅದು ಬೇಗ ನಿಲ್ಲುವ ಕೆಮ್ಮಾಗಿರಲಿಲ್ಲ. ಕೋಟಿನ ಮಾತು ತಪ್ಪಿಸುವ ನೆಪವೆಂದು ಬಗೆದು ನಾನು ನಡೆದುಬಿಟ್ಟೆ.

ಮೇಳದ ದಿನ ಸಭಾಂಗಣದಲ್ಲಿ ಎರಡು ಮೇಜುಗಳಿದ್ದವು. ಒಂದು ಕಿಟಕಿಯ ಬಳಿ, ಒಂದು ಗೋಡೆಯ ಮೂಲೆಗೆ. ನಡುವೆ ಕಾರ್ಖಾನೆಯ ಅಧಿಕಾರಿ ನಿಂತು ಒಬ್ಬೊಬ್ಬ ಹುಡುಗನಿಗೂ ನಗುತ್ತ ಕೈಕುಲುಕುತ್ತಿದ್ದರು. ಕುಲುಕಿದ ಕೈಯನ್ನು ತುಸು ಮೇಲೆತ್ತಿ, ತೋಳಿನ ಅಂಚನ್ನು ನೋಡಿ, ಈ ಮೇಜಿಗೋ ಆ ಮೇಜಿಗೋ ಕಳಿಸುತ್ತಿದ್ದರು. ಅಚ್ಚುಕಟ್ಟುತನವನ್ನು ಪರೀಕ್ಷಿಸುತ್ತಿದ್ದಾರೆಂದು ನಾನು ಹಿಗ್ಗಿದೆ. ನಮ್ಮ ನಾಲ್ವರೂ ಒಬ್ಬರ ಹಿಂದೊಬ್ಬರು ಮೂಲೆಯ ಮೇಜಿಗೆ ಹೋದರು. ಬೇರೆ ಯಾರೂ ಅಲ್ಲಿಗೆ ಹೋಗಲಿಲ್ಲ.

ಚಹಾದ ನೆಪದಲ್ಲಿ ಅಧಿಕಾರಿಯ ಬಳಿ ಹೋಗಿ ಕೃತಜ್ಞತೆ ಹೇಳಿದೆ.

"ಓಹೋ, ಆ ಕೋಟುಗಳ ಮಾಸ್ತರು ನೀವೇನು?" ಎಂದರು. "ನಾವೇ ನಿಮಗೆ ಉಪಕಾರ ಹೇಳಬೇಕು. ಮನೆ ಕಡೆ ಹೇಗೆ ಅಂತ ಕೇಳಿದರೆ ಎಲ್ಲರೂ ಸುಳ್ಳು ಹೇಳ್ತಾರೆ. ನಿಮ್ಮ ದಾರ ಸುಳ್ಳು ಹೇಳೋದಿಲ್ಲ."

"ಅರ್ಥವಾಗಲಿಲ್ಲ."

"ಕಲ್ಲು ಪುಡಿ ಮಾಡೋ ವಿಭಾಗ ಒಂದಿದೆಯಲ್ಲ. ಅಲ್ಲಿಗೆ ಇಂಥವರೇ ಸರಿ. ಹಿಂದಿನಿಂದ ಬಂದು ಕೇಳೋ ಜನ ಇರೋದಿಲ್ಲ." ಬಟ್ಟಲನ್ನು ನನ್ನ ಕೈಗೇ ಹಿಂದಿರುಗಿಸಿದರು. "ಚಹಾ ಚೆನ್ನಾಗಿದೆ."

ಸಿದ್ಲಿಂಗನ ರೆಪ್ಪೆಗಳು ಆಗ ನನಗೆ ಅರ್ಥವಾದವು. ಮೂಲೆಯ ಮೇಜಿನತ್ತ ಓಡುವಂತೆ ನಡೆದೆ. ಉಳಿದ ಮೂವರು ಸಹಿ ಹಾಕಿ ಎದ್ದಾಗಿತ್ತು. ಬರಮಪ್ಪನ ಕೈಯಲ್ಲಿ ಲೇಖನಿಯಿತ್ತು.

"ಸಹಿ ಹಾಕಬ್ಯಾಡ. ಕೋಟು ಬಿಚ್ಚಿ ನಡಿ."

ಅವನು ತಲೆ ಎತ್ತಲಿಲ್ಲ. ತಗ್ಗಿದ ದನಿಯಲ್ಲಿ, "ಎಲ್ಲಾರ ಮುಂದ ಬಿಚ್ಚು ಅಂತೀರಲ್ರಿ ಮಾಸ್ತರ. ಒಳಗಿನ ಅಂಗಿ ಹರದೈತಿ," ಎಂದ.

"ಅದು ಒಳ್ಳೇ ಕೆಲಸ ಅಲ್ಲಪಾ. ಎದಿ ತಿನ್ನೂ ಕೆಲಸ."

"ಒಳ್ಳೇ ಕೆಲಸ ಆ ಕಿಟಕಿ ಹತ್ರ ಐತ್ರಿ. ಅಲ್ಲಿಗೆ ಕಳಸೂದು ನಿಮ್ಮ ಕೈಲೆ ಆಕ್ಕೈತೇನು?"

ನಾನು ಕೂಗಬಹುದಿತ್ತು, ಆ ಸಭಾಂಗಣದಲ್ಲಿದ್ದ ಎಲ್ಲರಿಗೂ ಕೇಳುವಂತೆ, ಆ ಮೇಜಿನ ದಾರಿ ಎಲ್ಲಿಗೆ ಹೋಗುತ್ತದೆಂದು ಕೇಳಬಹುದಿತ್ತು. ಅತಿಥಿಗಳ ಮುಂದೆ ದನಿ ಎತ್ತಬಾರದೆಂದು ಹುಡುಗರಿಗೆ ಕಲಿಸಿದವನು ನಾನೇ. ಅವನು ತಂದೆಯ ಹೆಸರನ್ನು ನುಂಗದೆ, ಸ್ಪಷ್ಟವಾಗಿ ಬರೆದು ಸಹಿ ಮಾಡಿದ.

ನಾಲ್ಕು ತಿಂಗಳು ಅವನಿಂದ ಪತ್ರ ಬರಲಿಲ್ಲ. ಒಂದು ಮಧ್ಯಾಹ್ನ ನದಿ ದಾಟಿ ಕಾರ್ಖಾನೆಗೆ ಹೋದೆ. ಬಾಗಿಲಿನ ಕಾವಲುಗಾರ ದಪ್ಪ ಪುಸ್ತಕದಲ್ಲಿ ಬೆರಳಾಡಿಸಿದ.

"ಆ ಹೆಸರಿನಾಂವ ಯಾರೂ ಇಲ್ರಿ."

"ನನ್ನ ಕಣ್ಣ ಮುಂದನ ಸಹಿ ಹಾಕ್ಯಾನ."

"ಹಾಕಿರ್ತಾನ್ರಿ. ಪುಡಿಯವರ ಹೆಸರು ಇದರಾಗ ಬರಂಗಿಲ್ಲ." ಪುಸ್ತಕ ಮುಚ್ಚಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಅವಗ ಏನಾಗಬೇಕು?"

ಏನೂ ಆಗಬೇಕಿಲ್ಲವೆಂದು ನಾನು ಹೇಳಿದೆ. ಅದೂ ಸತ್ಯವೇ ಆಗಿತ್ತು. ಆ ಸತ್ಯದಿಂದ ಬಾಗಿಲು ಮುಚ್ಚಿತು.

ಕಬ್ಬಿಣದ ಸರಳುಗಳ ನಡುವಿನಿಂದ ದೂರದಲ್ಲಿ ಒಂದು ಹಗ್ಗ ಕಾಣುತ್ತಿತ್ತು. ಅದರ ಮೇಲೆ ಹತ್ತಿಪ್ಪತ್ತು ಅಂಗಿಗಳನ್ನು ಒಣಹಾಕಿದ್ದರು. ನದಿಯ ಕಡೆಯಿಂದ ಗಾಳಿ ರಭಸವಾಗಿ ಬೀಸುತ್ತಿತ್ತು; ಮರಗಳು ಬಾಗುತ್ತಿದ್ದವು. ಪುಡಿ ಕುಡಿದು ಹಲಗೆಯಂತಾಗಿದ್ದ ಆ ಅಂಗಿಗಳಲ್ಲಿ ಒಂದೂ ಅಲುಗಲಿಲ್ಲ.

ನದಿ ದಾಟುವ ಬಲ ಈಗ ನನ್ನ ಕಾಲಿಗಿಲ್ಲ. ನೀವು ಹೋಗಿ. ಆ ಬಾಗಿಲಿನಲ್ಲಿ ನಿಂತು, ಏನಾಗಬೇಕೆಂದು ಅವರು ಕೇಳಿದರೆ ಅಣ್ಣನೆನ್ನಿ, ಮಾವನೆನ್ನಿ, ಬಾಯಿಗೆ ಬಂದ ಸಂಬಂಧ ಹೇಳಿ. ಬರಮಪ್ಪ, ತಂದೆ ದುರಗಪ್ಪ. ಗಟ್ಟಿಯಾಗಿ ಕೇಳಿ.