ಮೊದಲ ನಗುವಿನ ಉಪ್ಪು

ಕ್ವೀನ್ಸ್‌ಬರಿಯ ಮಂಜಯ್ಯನ ಹೋಟೆಲಿನಲ್ಲಿ ಶಂಕರ ಯಾರಿಗೂ ಎರಡನೇ ಸಲ ಚಟ್ನಿ ಹಾಕಿದವನಲ್ಲ. ಕೇಳಿದವರನ್ನು ದೋಸೆ ಕಾವಲಿಯ ಹಿಂದಿನಿಂದಲೇ ಸುಡುವ ಹಾಗೆ ನೋಡುತ್ತಿದ್ದ. ಕುಂದಾಪುರದ ಕಡೆ ಶಾಲೆಯಲ್ಲಿ ಊರ ಮಾತು ಆಡಿದ್ದಕ್ಕೆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಆ ಬೆಂಚಿನಿಂದ ಇಳಿದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಸಿಟ್ಟು ಮಾತ್ರ ಲಂಡನ್ನಿನವರೆಗೂ ಬೆನ್ನು ಹತ್ತಿ ಬಂದಿತ್ತು.

ಅಂಥವನು ಒಂದು ಮಗುವನ್ನು ನಗಿಸಿಬಿಟ್ಟ.

ಅದು ೨೦೧೭ರ ಚಳಿಗಾಲದ ಒಂದು ಭಾನುವಾರ. ಹತ್ತಿರದ ಪಿನ್ನರ್‌ನಿಂದ ಮಧುಸೂದನ್ ಸಂಸಾರ ದೋಸೆಗೆ ಬಂದಿತ್ತು. ಮಧುಸೂದನ್ ಬೆಂಗಳೂರಿನ ಐಟಿ ಹುಡುಗ. ಹೆಂಡತಿ ಡಾರ್ಲೀನ್ ಅಮೆರಿಕದ ಮೂಲನಿವಾಸಿ ನವಾಹೊ ಜನದವಳು; ನಾಲ್ಕು ಪವಿತ್ರ ಬೆಟ್ಟಗಳ ನಡುವಿನ ಕೆಂಪು ನೆಲ ಅವಳ ತವರು. ಜೊತೆಗೆ ಮಧುಸೂದನನ ತಾಯಿ ವಿಶಾಲಾಕ್ಷಿ. ಕೌಂಟರಿನ ಪಕ್ಕದ ತಳ್ಳುಗಾಡಿಯಲ್ಲಿ ಮೂರು ತಿಂಗಳ ಸಿರಿಶಾ.

ಅಷ್ಟರಲ್ಲಿ ಹೊಗೆ ಎಳೆಯುವ ಫ್ಯಾನು ನಿಂತುಹೋಯಿತು. ಶಂಕರ ಸೌಟು ಎತ್ತಿ ಅದಕ್ಕೆ ಬಾರಿಸಿದ.

"ಥೂ, ನಿನ್ ಹೆಣ ಎತ್ತ! ನಿನ್ನೆ ಸಮಾ ಇದ್ದಿದ್ಯಲ್ಲ, ಇವತ್ ಎಂತ ರೋಗ ಬಂತ್ ನಿಂಗೆ?"

ತಳ್ಳುಗಾಡಿಯಿಂದ ಕಿಲಕಿಲ ನಗು ಉಕ್ಕಿತು.

ಡಾರ್ಲೀನ್ ಕುರ್ಚಿಯಿಂದ ಎದ್ದೇಬಿಟ್ಟಳು. "ಅವಳ ಮೊದಲ ನಗು! ನಗಿಸಿದ್ದು ನೀನು!" ಎಂದು ಇಂಗ್ಲಿಷಿನಲ್ಲಿ ಕೂಗಿ, ತನ್ನ ಜನರ ನಂಬಿಕೆಯನ್ನು ಬಿಡಿಸಿ ಹೇಳಿದಳು: ಮೊದಲ ಸಲ ನಗುವವರೆಗೆ ಮಗು ಅರ್ಧ ದೇವತೆಗಳ ಜೊತೆಗೇ ಇರುತ್ತದೆ. ನಕ್ಕರೆ ಮನುಷ್ಯರ ಜೊತೆ ಬಾಳಲು ಒಪ್ಪಿದ ಹಾಗೆ. ನಗಿಸಿದವರು ಊಟ ಹಾಕಬೇಕು, ಮಗುವಿನ ಕೈಯಿಂದ ಬಂದವರಿಗೆಲ್ಲ ಉಪ್ಪು ಕೊಡಿಸಬೇಕು. ಆಗಲೇ ಮಗು ಕೊಡುಗೈಯವಳಾಗಿ ಬೆಳೆಯುವುದು. ನಗಿಸಿದವರ ಗುಣವೂ ಅದಕ್ಕೆ ಅಂಟುತ್ತದೆ.

"ದೋಸೆ ಹಾಕೋನ ಗುಣಾನಾ?" ವಿಶಾಲಾಕ್ಷಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಮಧು, ನೀನೇ ನಗಿಸಿದ್ದು ಅಂತ ಹೇಳಿಬಿಡೋ. ಯಾರು ನೋಡಿದ್ರು?"

ಮಧುಸೂದನ್ ಹೆಂಡತಿಯ ಕಿವಿಯಲ್ಲಿ ಅದನ್ನೇ ಉಸುರಿದ. ಅವಳು ಒಲ್ಲೆನೆಂದು ತಲೆಯಾಡಿಸಿದಳು. "ಈ ಲೋಕಕ್ಕೆ ಅವಳ ಮೊದಲ ಹೆಜ್ಜೆಯೇ ಸುಳ್ಳಿನ ಮೇಲಾ?"

ಗಲ್ಲಾದಲ್ಲಿ ಕೂತ ಮಂಜಯ್ಯ ಹೊಟ್ಟೆ ಕುಲುಕಿಸಿ ನಕ್ಕ. "ಎರಡ್ನೇ ಚಟ್ನಿ ಕೊಡದವ ದಾನ ಕಲಿಸ್ತ್ನಂಬ್ರ್! ಹೋಯ್, ಕೇಳಿ ಎಲ್ಲಾ!"

ಶಂಕರನ ಕಿವಿಗಳು ಕಾದವು. ನಿಮ್ಮ ಮಗುವೂ ಬೇಡ, ಉಪ್ಪೂ ಬೇಡ ಎಂದು ಮುಖಕ್ಕೆ ಹೇಳಬೇಕೆನಿಸಿತು. ಡಾರ್ಲೀನ್ ಕೌಂಟರಿನ ಬಳಿ ಬಂದು ನಿಂತಳು. "ನೀನು ಬೈದದ್ದು ಯಾವ ಭಾಷೆ?"

"ನಮ್ಮೂರ್ದ್," ಎಂದ ಗುರ್ರೆಂದು. "ಅದಕ್ಕೇ ಶಾಲೆಯಲ್ಲಿ ಬೆಂಚು ಹತ್ತಿಸಿದ್ದು."

"ನಮ್ಮ ಭಾಷೆ ಆಡಿದ್ದಕ್ಕೆ ನನ್ನ ಅಜ್ಜಿಯ ಬಾಯಿಗೆ ಸರ್ಕಾರಿ ಶಾಲೆಯಲ್ಲಿ ಸೋಪು ತುರುಕಿದರು. ಅಜ್ಜಿ ಸೋಪು ಉಗಿದಳು. ಭಾಷೆ ಉಗಿಯಲಿಲ್ಲ." ಆಮೇಲೆ ಕೇಳಿದಳು: "ನಿನ್ನ ಕುಲ ಯಾವುದು? ನಾವು ಮೊದಲು ತಾಯಿಯದನ್ನು ಹೇಳುತ್ತೇವೆ."

ಶಂಕರನ ಕೈಯ ಸೌಟು ಕೆಳಗಿಳಿಯಿತು. "ನಮ್ಮಲ್ಲೂ ಹಾಂಗೇ. ಕುಲಕ್ಕೆ ಬಳಿ ಅಂಬ್ರ್. ಅಬ್ಬೆದೇ ಮಕ್ಳಿಗ್ ಬಪ್ದ್." ತನಗೆ ಬಂದ ಇಂಗ್ಲಿಷಿನಲ್ಲಿ ಅದನ್ನೇ ಮತ್ತೆ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಗಂಟಲೆತ್ತಿದ. "ಮುಂದಿನ ಆದಿತ್ಯವಾರ. ಊಟ ನಂದ್!"

ಆ ಭಾನುವಾರ ಹೋಟೆಲು ಬೇರೆ ಗಿರಾಕಿಗಳಿಗೆ ಮುಚ್ಚಿತ್ತು; ಕರೆದ ನೆಂಟರು, ಗೆಳೆಯರು ಮಾತ್ರ ಬಂದಿದ್ದರು. ಶಂಕರ ಒಬ್ಬನೇ ಕೊಟ್ಟೆ ಕಡುಬು ಬೇಯಿಸಿದ್ದ, ಚಟ್ನಿ ಅರೆದಿದ್ದ, ಸಿಹಿಗೆ ಹಾಲುಬಾಯಿ ಕಾಯಿಸಿದ್ದ. ಬಾಣಂತನಕ್ಕೆ ಬಂದಿದ್ದ ತನ್ನ ತಾಯಿ ತವರಿನಿಂದ ತಂದು ಬಿಟ್ಟುಹೋಗಿದ್ದ ಕಲ್ಲುಪ್ಪನ್ನು ಡಾರ್ಲೀನ್ ಬಟ್ಟಲಿಗೆ ಸುರಿದಳು. ಮಗುವನ್ನು ಶಂಕರನ ತೊಡೆಯ ಮೇಲೆ ಕೂರಿಸಿ, ತನ್ನ ಭಾಷೆಯಲ್ಲಿ ಮಗುವಿನ ಕುಲಗಳನ್ನು ಹೇಳಿದಳು. ಗಂಟಲಲ್ಲಿ ಉಸಿರನ್ನು ಹಿಡಿದು ಬಿಡುವ ಗಟ್ಟಿ ಮಾತು ಅದು. ಮೊದಲು ತನ್ನ ಕುಲ, ಆಮೇಲೆ ಗಂಡನ ಕಡೆಯವರು, ಆಮೇಲೆ ಇಬ್ಬರು ಅಜ್ಜಂದಿರ ಕಡೆಯವರು. ಆ ಸಾಲಿನ ನಡುವೆ 'ಕನ್ನಡಿಗರು' ಎಂಬ ಶಬ್ದ ಕೇಳಿ, ನೆಲ ನೋಡುತ್ತಿದ್ದ ವಿಶಾಲಾಕ್ಷಿ ಕತ್ತೆತ್ತಿದರು.

ಒಬ್ಬೊಬ್ಬರೇ ಬಂದು ಅಂಗೈಯೊಡ್ಡಿದರು. ಶಂಕರ ಮಗುವಿನ ಪುಟ್ಟ ಮುಷ್ಟಿ ಹಿಡಿದು ಉಪ್ಪು ಕೊಡಿಸಿದ. ಮಂಜಯ್ಯನೂ ಗಲ್ಲಾ ಬಿಟ್ಟು ಎದ್ದು ಬಂದು ಈಸಿಕೊಂಡ. ಕೊನೆಗೆ ಬಂದ ವಿಶಾಲಾಕ್ಷಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಉಪ್ಪು ಕೈಗೆ ತಗೋಬಾರ್ದಪ್ಪ, ಜಗಳ ಬರುತ್ತೆ. ಅಲ್ಲೇ ಎಲೆ ಮೇಲಿಡು."

ಡಾರ್ಲೀನಳ ಮುಖ ಬಾಡಿತು. ಮಗು ಕೊಟ್ಟದ್ದು ಬೇಡವೆಂದರೆ ಶಾಸ್ತ್ರ ಅಲ್ಲಿಗೇ ಮುರಿಯುತ್ತದೆ. ಶಂಕರ ಮಾತ್ರ ಕೈ ಹಿಂದೆಗೆಯಲಿಲ್ಲ.

"ಜಗಳ ಹೋದ್ ವಾರವೇ ಆಯ್ತಲ್ದಾ ಅಮ್ಮ? ಇನ್ ಬಪ್ಪುಕೆ ಎಂತ ಉಳ್ದಿತ್?"

ವಿಶಾಲಾಕ್ಷಿ ತುಟಿ ಬಿಗಿಹಿಡಿದರು. ಆದರೂ ನಗು ಮೂಗಿನಿಂದ ಜಾರಿತು. ಸೆರಗಿನಿಂದ ಅಂಗೈ ಹೊರಗೆ ಬಂತು. ಈಗ ಮಗುವಿನ ಮುಷ್ಟಿಯೇ ಬಿಚ್ಚಲೊಲ್ಲದು!

"ನೋಡಿದ್ಯೇನೋ ಮಧು, ಚಟ್ನಿ ಗುಣ ಬಂದೇಬಿಡ್ತು!"

"ಬಿಡ್ ಮಗಾ," ಶಂಕರ ಹುಬ್ಬು ಗಂಟಿಕ್ಕಿ ಗದರಿದ. "ಕೊಟ್ರೆ ನಿನ್ ಅಜ್ಜನ್ ಗಂಟ್ ಹೋತಾ?"

ಸಿರಿಶಾ ಅವನ ಮುಖ ನೋಡಿ ಮತ್ತೆ ಕಿಲಕಿಲ ನಕ್ಕಳು. ಮುಷ್ಟಿ ಸಡಿಲಿತು. ನವಾಹೊ ನೆಲದ ಉಪ್ಪು ಬೆಂಗಳೂರಿನ ಅಂಗೈಗೆ ಬಿತ್ತು. ವಿಶಾಲಾಕ್ಷಿ ಅದನ್ನು ಕಣ್ಣಿಗೊತ್ತಿ ನಾಲಿಗೆಗೆ ಹಾಕಿಕೊಂಡರು.

ಊಟದ ನಡುವೆ ಅವರೇ ಎಲೆ ಮುಂದೆ ಸರಿಸಿ ಕೂಗಿದರು. "ಶಂಕರಪ್ಪ, ಇನ್ನೊಂದು ಸ್ವಲ್ಪ ಚಟ್ನಿ."

ಒಂದು ತೋಳಿನಲ್ಲಿ ಮಗುವನ್ನು ಎತ್ತಿಕೊಂಡೇ, ಎದೆ ಸೆಟೆಸಿ, ಶಂಕರ ಪಾತ್ರೆಯನ್ನೇ ತಂದು ಅವರ ಮುಂದಿಟ್ಟ.