ಇದೆಯೇ ಎಂದಷ್ಟೇ ಕೇಳಿದರು

ಆ ಕಾಗದ ಓದಿದ ಕೂಡಲೇ ನಿಮಿಯಾ ಒವೆಲಾರ್‌ಗೆ ಮೈಯೆಲ್ಲ ಉರಿದುಹೋಯಿತು. ‘ನನ್ನ ಅಜಾಗರೂಕತೆಯಿಂದ ಸೋಮವಾರ ಡಯಾಲಿಸಿಸ್ ರೋಗಿಗಳ ವ್ಯಾನ್ ಹೊರಡಲಿಲ್ಲ’ ಎಂದು ಟೈಪು ಮಾಡಿಸಿ, ಕೆಳಗೆ ಅವಳ ಹೆಸರು ಹಾಕಿಸಿ, ಸಹಿಗೆಂದು ಗೆರೆಯನ್ನೂ ಎಳೆಸಿದ್ದರು ಲಿಸೆನ್ಸಿಯಾದೊ ಬ್ರಿತೆಸ್. ಪರಾಗ್ವೆಯ ರಾಜಧಾನಿ ಅಸುನ್ಸಿಯೋನ್‌ನ ಹೊರವಲಯದ ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರು; ಲಿಸೆನ್ಸಿಯಾದೊ ಎಂಬುದು ಅವರ ಪದವಿಯ ಬಿರುದು. ಸಹಿ ಹಾಕಿದರೆ ಅದೇ ವಿಭಾಗದಲ್ಲಿ ನಿಮಿಯಾಳ ಹದಿನಾಲ್ಕು ವರ್ಷದ ಕೆಲಸ ಅಂದೇ ಹೋಗುತ್ತಿತ್ತು.

“ಹತ್ತು ಗಂಟೆಗೆ ಇದು ಸಹಿಯಾಗಿ ಲಕೋಟೆಯಲ್ಲಿ ನನ್ನ ಮೇಜಿನ ಮೇಲಿರ್ಬೇಕು. ನಿರ್ದೇಶಕರು ಕೇಳ್ತಿದಾರೆ” ಎಂದರು ಬ್ರಿತೆಸ್.

“ನಾನ್ಯಾಕೆ ಸಹಿ ಹಾಕ್ಲಿ?”

“ಸ್ಕ್ರಿಪ್ಟ್ ನೋಡ್ಕೊಳ್ಳೋದು ಯಾರಮ್ಮ? ನೀನೇ ತಾನೆ?”

“ನೋಡ್ಕೊಳ್ಳೋದು ನಾನೇ. ಅದರ ಬಾಯಿಗೆ ಬಟ್ಟೆ ತುರುಕಿದ್ದು ಯಾರು?”

“ಹೋಗು ಹೋಗು, ಐಸ್ ಹಾಕಿದ ತೆರೆರೆ ಕುಡಿ. ತಲೆ ತಣ್ಣಗಾಗುತ್ತೆ.”

ತಣ್ಣಗಾಗುವುದಂತೆ! ಪರಾಗ್ವೆಯ ಮಂಜುಗಡ್ಡೆಯನ್ನೆಲ್ಲ ಸುರಿದರೂ ಅವತ್ತು ಅವಳ ತಲೆ ತಣ್ಣಗಾಗುವಂತಿರಲಿಲ್ಲ.

ನಡೆದದ್ದು ಇಷ್ಟು. ದಿನಾ ಬೆಳಗಿನ ಜಾವ ನಾಲ್ಕಕ್ಕೆ ಡಯಾಲಿಸಿಸ್ ವಿಭಾಗದ ಕಂಪ್ಯೂಟರು ಅಂದಿನ ರೋಗಿಗಳ ಪಟ್ಟಿಯನ್ನು ಒಂದು ಫೈಲಾಗಿ ಕಳಿಸುತ್ತದೆ. ನಾಲ್ಕೂಕಾಲಿಗೆ ನಿಮಿಯಾಳ ಯಂತ್ರದಲ್ಲಿ ಹತ್ತು ಸಾಲಿನ ಸ್ಕ್ರಿಪ್ಟೊಂದು, ಅಂದರೆ ಪುಟ್ಟ ಪ್ರೋಗ್ರಾಮು, ತಾನಾಗಿ ಎದ್ದು ಒಂದೇ ಒಂದು ಪ್ರಶ್ನೆ ಕೇಳುತ್ತದೆ: ಫೈಲು ಇದೆಯೇ? ಇದ್ದರೆ ವ್ಯಾನ್ ಚಾಲಕನಿಗೆ ರವಾನೆ. ಇಲ್ಲದಿದ್ದರೆ ಬ್ರಿತೆಸ್ ಸಾಹೇಬರ ಫೋನು ಕಿರುಚುತ್ತದೆ. ಒಳಗೆ ಏನಾದರೂ ಬರೆದಿದೆಯೇ, ಮೊದಲ ಸಾಲಿನ ತಾರೀಕು ಇವತ್ತಿನದೇ ಎಂದು ಕೇಳುವ ಗೋಜಿಗೆ ಅದು ಹೋಗುವುದಿಲ್ಲ. ಬ್ರಿತೆಸ್‌ಗಿಂತ ಹಿಂದೆ ಇದ್ದ ಯಾರೋ ಬರೆದಿಟ್ಟು ಹೋದದ್ದು. ಬ್ರಿತೆಸ್ ಒಪ್ಪಿಗೆಯಿಲ್ಲದೆ ಅದರ ಒಂದಕ್ಷರ ಮುಟ್ಟುವಂತಿಲ್ಲ.

ಪಟ್ಟಿ ಆಗಾಗ ತಡವಾಗಿ ಬರುತ್ತಿತ್ತು. ಫೋನು ಕಿರುಚುತ್ತಿತ್ತು. ಸಾಹೇಬರಿಗೆ ನಿದ್ದೆಗೇಡು. ಅದಕ್ಕೆ ಅವರು ಕಂಡುಕೊಂಡ ಮದ್ದು ಕೇಳಿ: ನಾಲ್ಕು ಹತ್ತಕ್ಕೆ ಪಟ್ಟಿ ಬಾರದೇ ಇದ್ದರೆ, ಅದೇ ಹೆಸರಿನ ಒಂದು ಖಾಲಿ ಫೈಲು ತಾನಾಗಿ ಅಲ್ಲಿ ಬಂದು ಕೂರುವಂತೆ ಮಾಡಿದರು. ಫೈಲು ಇದೆಯೇ? ಇದೆ. ಫೋನು ಗಪ್‌ಚಿಪ್. ಚಾಲಕನಿಗೆ ಮೊದಲು ಖಾಲಿ ಪಟ್ಟಿ, ಆಮೇಲೆ ಡಯಾಲಿಸಿಸ್ ವಿಭಾಗ ತಡವಾಗಿ ಕಳಿಸಿದ ನಿಜವಾದದ್ದು. ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಸೋಮವಾರ ನಿಜವಾದ ಪಟ್ಟಿ ಬರಲೇ ಇಲ್ಲ. ಹೆಸರಿಲ್ಲದೆ ವ್ಯಾನ್ ತೆಗೆಯುವಂತಿಲ್ಲ ಎಂಬುದು ಆಸ್ಪತ್ರೆಯ ಹಳೆಯ ಕಟ್ಟಳೆ. ಡಯಾಲಿಸಿಸ್ ಯಂತ್ರಗಳ ರಿಪೇರಿಯೇನೋ ಇರಬೇಕೆಂದುಕೊಂಡ ಚಾಲಕ ‘ಮಾತೆ’ ಎಂಬ ಬಿಸಿ ಕಷಾಯ ಹೀರುತ್ತ ಕೂತುಬಿಟ್ಟ. ಹನ್ನೊಂದು ಮಂದಿ ತಂತಮ್ಮ ಬಾಗಿಲಲ್ಲಿ ಚೀಲ ಹಿಡಿದು ಕಾದರು. ಎಪ್ಪತ್ತು ದಾಟಿದ, ಎಲ್ಲರೂ ಗೌರವದಿಂದ ‘ನ್ಯಾ’ ಎನ್ನುವ ದೆಯೊಲಿಂದಾಳನ್ನು ಮಧ್ಯಾಹ್ನ ಪಕ್ಕದ ಮನೆಯವನು ಮೋಟಾರ್ ಸೈಕಲ್ ಮೇಲೆ ತನ್ನ ಬೆನ್ನಿಗೆ ಕಟ್ಟಿಕೊಂಡು ತಂದ. ಅವಳಿಗೆ ಉಸಿರು ಸಿಕ್ಕಿಕೊಂಡಿತ್ತು. ಜೀವ ಉಳಿದದ್ದೇ ಹೆಚ್ಚು. ಮೂರು ದಿನ ಕಳೆದರೂ ಅವಳು ಇನ್ನೂ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಬೆಳಿಗ್ಗೆ ನೋಡಲು ಹೋದ ನಿಮಿಯಾಳನ್ನು ಕಂಡು ಅವಳು ಕೇಳಿದ್ದು ಒಂದೇ ಮಾತು.

“ನನ್ನ ಹೆಸರು ತೆಗೆದುಹಾಕಿದ್ರೇನಮ್ಮಾ?”

ಆ ಮಾತು ನಿಮಿಯಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇದೆಲ್ಲ ಹೀಗೇ ಆಗುತ್ತದೆಂದು ಅವಳು ಎರಡು ವರ್ಷದ ಹಿಂದೆಯೇ ಬ್ರಿತೆಸ್‌ಗೆ ಬರೆದುಕೊಟ್ಟಿದ್ದಳು. ‘ಇದೆಯೇ’ ಎಂಬ ಪ್ರಶ್ನೆ ‘ಒಳಗೆ ಏನಾದರೂ ಇದೆಯೇ’ ಎಂದಾಗಬೇಕು, ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಿಸಿದರೆ ಸಾಕು. ಜೊತೆಗೆ ತಾರೀಕನ್ನೂ ಹೋಲಿಸಿ ನೋಡಬೇಕು. ಖಾಲಿ ಫೈಲಿನ ಆಟ ನಿಲ್ಲಬೇಕು ಎಂದು. ಆ ಪತ್ರದ ಪ್ರತಿಯಾದರೂ ಸಿಕ್ಕೀತೆಂದು ಅವಳು ವಿಭಾಗಕ್ಕೆ ಬಂದ ಕಾಗದಗಳನ್ನಿಡುವ ಕಪಾಟು ತೆರೆದಳು.

ಪ್ರತಿ ಏಕೆ, ಪತ್ರವೇ ಸಿಕ್ಕಿತು. ಅವಳದೇ ಕೈಬರಹದ ಲಕೋಟೆ. ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ನೀಲಿ ಮುದ್ರೆ, ತಾರೀಕು, ಬ್ರಿತೆಸ್‌ರ ಸೊಗಸಾದ ಸಹಿ. ಹಿಂದೆ ತಿರುಗಿಸಿ ನೋಡಿದಳು. ಅವಳು ಹಚ್ಚಿದ ಅಂಟು ಹಚ್ಚಿದ ಹಾಗೆಯೇ ಇತ್ತು.

“ಥೂ, ನಿನ್ನ ಮುದ್ರೆಗಿಷ್ಟು!” ಎಂದಳು ಅವಳು ಖಾಲಿ ಕೋಣೆಗೆ ಕೇಳುವಂತೆ. ಅಳು ಬಂತು. ಅತ್ತರೆ ಅವನೇ ಗೆದ್ದಂತೆ ಎಂದುಕೊಂಡು ಮೂಗೊರೆಸಿಕೊಂಡಳು.

ಹತ್ತಕ್ಕೆ ಐದು ನಿಮಿಷ ಇರುವಾಗ ದೊಡ್ಡ ಲಕೋಟೆಯೊಂದನ್ನು ಬ್ರಿತೆಸ್‌ರ ಮೇಜಿನ ಮೇಲಿಟ್ಟಳು. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು.

“ದಪ್ಪಗಿದೆಯಲ್ಲ! ಅಳ್ತಾ ಕೂತು ಪುಟಗಟ್ಟಲೆ ಬರ್ದ್ಯಾ?”

“ಎಲ್ಲಾ ಇದೆ, ಲಿಸೆನ್ಸಿಯಾದೊ. ಬೇಕಾದ್ರೆ ಬಿಚ್ಚಿ ನೋಡಿ.”

“ಬಂತಲ್ಲ, ಸಾಕು.” ಧಪ್ಪೆಂದು ಮುದ್ರೆ ಒತ್ತಿದರು. ಅದನ್ನೇ ಕಂಕುಳಲ್ಲಿಟ್ಟುಕೊಂಡು, ಅವಳನ್ನು ಹಿಂದೆ ಕರೆದುಕೊಂಡು, ನಿರ್ದೇಶಕಿ ಡಾಕ್ಟರ್ ಫರಿನ್ಯಾರ ಕೋಣೆಗೆ ಮದುಮಗನಂತೆ ನಡೆದರು.

ನಿರ್ದೇಶಕಿ ಲಕೋಟೆ ಒಡೆದರು. ಮೊದಲು ಬಂದದ್ದು ಸಹಿಯಿಲ್ಲದ ತಪ್ಪೊಪ್ಪಿಗೆ. ಎರಡನೆಯದು ಕಂಪ್ಯೂಟರಿನ ದಾಖಲೆಯಿಂದ ಅಚ್ಚಾದ ಒಂದೇ ಸಾಲು. ಅವರು ಅದನ್ನು ಗಟ್ಟಿಯಾಗಿ ಓದಿದರು. “ಫೈಲು ಇಟ್ಟವರು, ಬ್ರಿತೆಸ್. ಸೋಮವಾರ ನಾಲ್ಕು ಹತ್ತು. ಗಾತ್ರ, ಸೊನ್ನೆ.” ಆಮೇಲೆ ಆ ಹಳೆಯ ಲಕೋಟೆ. ಅದರ ಅಂಟನ್ನು ಬೆರಳಿಂದ ಸವರಿ ನೋಡಿ, ಹರಿದು, ಒಳಗಿನ ಎರಡು ಪುಟವನ್ನೂ ನಿಧಾನವಾಗಿ ಓದಿದರು. ಬ್ರಿತೆಸ್ ಕಾಲರ್ ಸಡಿಲ ಮಾಡಿಕೊಂಡರು.

“ಇದನ್ನ ಓದಿದ್ರಾ?”

“ಸ್ವೀಕರಿಸಿದೀನಿ ದೊಕ್ತೋರಾ. ಮುದ್ರೆ ಇದೆಯಲ್ಲ...”

“ಮುದ್ರೆ ನನಗೂ ಕಾಣ್ಸುತ್ತೆ.” ಅವರು ತಪ್ಪೊಪ್ಪಿಗೆಯ ಕಾಗದವನ್ನು ಬ್ರಿತೆಸ್‌ರ ಕಡೆಗೆ ತಳ್ಳಿದರು. “ಕೆಳಗಿನ ಹೆಸರು ಬದಲಾಯ್ಸಿ ತನ್ನಿ. ಈ ಸಲ ಓದಿ ಸಹಿ ಹಾಕಿ.”

ಮುಂದಿನದನ್ನು ಕೇಳಲು ನಿಮಿಯಾ ನಿಲ್ಲಲಿಲ್ಲ. ಮೊದಲು ಮೇಲಿನ ಮಹಡಿಗೆ ಹೋಗಿ ನ್ಯಾ ದೆಯೊಲಿಂದಾಳಿಗೆ ಅವಳ ಹೆಸರನ್ನು ಯಾರೂ ತೆಗೆದಿಲ್ಲವೆಂದು ಹೇಳಬೇಕಿತ್ತು. ಆಮೇಲೆ ಕೆಳಗಿಳಿದು, ಯಾರ ಒಪ್ಪಿಗೆಗೂ ಕಾಯದೆ, ಆ ಒಂದಕ್ಷರ ಬದಲಿಸಬೇಕಿತ್ತು.