ಹೀರೋನ ಸೆರಗು

"ಲೇ ಮುಂಡೇದೆ, ಹೀರೋ ಎಲ್ಲಾದ್ರೂ ಸೆರಗು ಸಿಕ್ಕಿಸ್ಕೋತಾನೇನೇ?"

ಸಿನಿಮಾ ಶೂಟಿಂಗಿನ ಅಸಿಸ್ಟೆಂಟು ಹೀಗೆ ಕೂಗಿ ಸೀಟಿ ಊದಿದ ರಭಸಕ್ಕೆ ಅರಮನೆಯ ಕಂಬದ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಅರಮನೆ ಪ್ಲೈವುಡ್ಡಿನದು, ಸಿಂಹಾಸನ ಥರ್ಮಾಕೋಲಿನದು. ಮೆಟ್ಟಿಲುಗಳು ಮಾತ್ರ ನಿಜವಾದ ಕಲ್ಲಿನವು, ಒಟ್ಟು ನಲವತ್ತೆರಡು. ಆ ಕಲ್ಲುಗಳನ್ನು ತಲೆಯ ಮೇಲೆ ಹೊತ್ತು ತಂದವರಲ್ಲಿ ಈ ಬೈಸಿಕೊಂಡವಳೂ ಒಬ್ಬಳು. ಎತ್ತರದ ಆಳಾದ್ದರಿಂದ ಎಲ್ಲರೂ ಅವಳನ್ನು ಏಣಿ ಎನ್ನುತ್ತಿದ್ದರು.

ಈಗ ಏಣಿಯ ಮೈಮೇಲೆ ಹೀರೋನ ಕವಚವಿತ್ತು. ಮೂಗಿನ ಕೆಳಗೆ ಅಂಟಿನ ಮೀಸೆ, ಬೆನ್ನ ಮೇಲೆ ನೆಲ ಗುಡಿಸುವ ಕೆಂಪು ಮೇಲಂಗಿ. ಮೂರ್ಛೆ ಬಿದ್ದ ರಾಜಕುಮಾರಿಯನ್ನು ಎತ್ತಲು ಬಗ್ಗಿದಾಗ ಅವಳ ಕೈ ತಾನೇ ತಾನಾಗಿ ಮೇಲಂಗಿಯ ಚುಂಗು ಹಿಡಿದು, ಒಂದು ಸುತ್ತು ತಿರುಚಿ, ಸೊಂಟದ ಎಡಕ್ಕೆ ಸಿಕ್ಕಿಸಿಬಿಟ್ಟಿತ್ತು. ಇಪ್ಪತ್ತು ವರ್ಷದಿಂದ ಯಾವ ಹೊರೆ ಎತ್ತುವ ಮುಂಚೆಯೂ ಆ ಕೈ ಮಾಡುತ್ತಿದ್ದದ್ದು ಅದನ್ನೇ.

"ಕಾಲಿಗೆ ತೊಡರುತ್ತೆ ಸಾರ್," ಅಂದಳು.

"ತೊಡರ್ಲಿ. ಅದು ಗಾಳಿಗೆ ಹಾರ್ಬೇಕು. ಗಂಡಸಿನ ಥರ ನಡಿ. ಎದೆ ಉಬ್ಬಿಸು, ತಲೆ ಎತ್ತು."

"ಭಾರ ಹೊತ್ತೋರು ಯಾರೂ ಎದೆ ಉಬ್ಬಿಸ್ಕೊಂಡು ಮೆಟ್ಲು ಹತ್ತಲ್ಲ ಸಾರ್. ಬೆನ್ನು ಹೋಗುತ್ತೆ. ಬೇಕಾದ್ರೆ ನಿಮ್ಮ ಹೀರೋನ ಕೇಳಿ."

ಕಲ್ಲಿನ ರಾಶಿಯ ಹತ್ತಿರ ಕೂತಿದ್ದ ಜೊತೆಯ ಕೂಲಿ ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡರು. ಅವರೂ ಇವತ್ತು ಈ ಸಿನಿಮಾದ ಕಲಾವಿದರೇ. ಬೆಳಿಗ್ಗೆ ಅಸಿಸ್ಟೆಂಟು ಅವರನ್ನು ಸಾಲಾಗಿ ನಿಲ್ಲಿಸಿ, "ರಾಕ್ಷಸಿಯರು ಸಿಕ್ಕಿದ್ರು. ಇವ್ರಿಗೆ ಮೇಕಪ್ಪಿನ ಖರ್ಚೂ ಇಲ್ಲ," ಅಂದಿದ್ದ.

ಹೀರೋನ ಸೊಂಟ ಉಳುಕಿ ಎರಡು ದಿನವಾಗಿತ್ತು. ರಟ್ಟಿನ ಡ್ರ್ಯಾಗನ್ನಿನ ಬಾಲ ಹಿಡಿದು ಎಳೆಯುವಾಗ ಉಳುಕಿದ್ದು. ಅವನ ಬದಲು ಏಟು ತಿನ್ನುವ ಡೂಪು ಕಾಲು ಮುರಿದುಕೊಂಡು ಆಗಲೇ ಮನೆ ಸೇರಿದ್ದ. ಗಂಡಾಳುಗಳಿಗೆ ಕವಚ ತೊಡಿಸಿ ನೋಡಿದರು. ಒಬ್ಬನಿಗೆ ಅದು ಮಂಡಿಯ ತನಕ ಬಂತು. ಇನ್ನೊಬ್ಬ ಹದಿನೇಳನೇ ಮೆಟ್ಟಿಲ ಮೇಲೆ ರಾಜಕುಮಾರಿಯನ್ನು ಇಳಿಸಿ, ಕೂತು, ನೀರು ಕೇಳಿದ. ಆಗ ಮೇಸ್ತ್ರಿ ತಲೆ ಕೆರೆದುಕೊಂಡು, "ನಮ್ಮ ಏಣಿ ಇದಾಳೆ. ಸಿಮೆಂಟು ಮೂಟೆನ ಎರಡನೇ ಮಾಳಿಗೆಗೆ ಒಂದೇ ಉಸಿರಲ್ಲಿ ಹಾಕ್ತಾಳೆ," ಅಂದ. ಡೈರೆಕ್ಟರು ಅವಳ ಬೆನ್ನನ್ನು ಮಾತ್ರ ನೋಡಿದರು. ಬೆನ್ನು ಹೀರೋನದೇ ಇದ್ದಂತಿತ್ತು.

ಅವಳಿಗೆ ಮೀಸೆ ಅಂಟಿಸುವಾಗಲೇ ಅಸಿಸ್ಟೆಂಟು ಹೇಳಿದ್ದ: "ಹೊರಗೆ ಬಾಯಿ ಬಿಟ್ರೆ ನಿನಗಷ್ಟೇ ಅಲ್ಲ, ನಿಮ್ಮ ಗುಂಪಿಗೇ ಕೆಲಸ ಇಲ್ಲ. ಹೀರೋಗೆ ಹೆಂಗಸು ಡೂಪು ಅಂದ್ರೆ ಜನ ಥಿಯೇಟರಲ್ಲಿ ಚಪ್ಪಲಿ ಎಸೀತಾರೆ."

ಮೂರು ಸಲ ಹತ್ತಿಸಿದರು. ಮೂರು ಸಲವೂ ಕೈ ಸುಮ್ಮನಿರಲಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗಿದ.

"ದರಿದ್ರದ್ದು. ನಾಳೆ ಇದೇ ಬೆಳಕಿಗೆ," ಅಂದರು ಡೈರೆಕ್ಟರು.

ಏಣಿ ಮನೆಗೆ ಬಂದಾಗ ಮೇಲ್ತುಟಿ ಅಂಟಿನಿಂದ ಕೆಂಪಾಗಿತ್ತು. ಮನೆ ಅಂದರೆ ಒಂದೇ ಕೋಣೆ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಹೀರೋ ಕತ್ತಿ ಹಿಡಿದು ನಿಂತಿದ್ದ. ಒದ್ದೆ ಗೋಡೆಯಾದ್ದರಿಂದ ಮೊಣಕಾಲಿನ ತನಕ ಬೂಸ್ಟು ಹಿಡಿದಿತ್ತು. ಬಾಗಿಲಲ್ಲಿ ಹನ್ನೊಂದು ವರ್ಷದ ಮಗಳು ಪಕ್ಕದ ಮನೆಯ ಹುಡುಗಿಯರ ಜೊತೆ ಆಡುತ್ತಿದ್ದಳು. ಆಟದಲ್ಲಿ ಎಲ್ಲರಿಗೂ ಮೂರ್ಛೆ ಬೀಳುವುದೇ ಬೇಕಿತ್ತು. ಎತ್ತುವವರು ಯಾರೂ ಇರಲಿಲ್ಲವಾಗಿ ನಾಲ್ಕು ಜನವೂ ನೆಲದ ಮೇಲೆ ಬಿದ್ದುಕೊಂಡಿದ್ದರು.

"ಏಳೇ, ಬಟ್ಟೆ ಕೊಳೆಯಾಗುತ್ತೆ."

"ಹೀರೋನ ನೋಡಿದ್ಯಾಮ್ಮ? ರಾಜಕುಮಾರಿನ ಎತ್ಕೊಂಡು ಅಷ್ಟೂ ಮೆಟ್ಲು ಹತ್ತಿದ್ನಂತೆ ಹೌದಾ?"

ಗುಂಪಿನ ಹೆಂಗಸರ ಮುಖಗಳು ಕಣ್ಣ ಮುಂದೆ ಬಂದುಹೋದವು. ಆದರೂ ಏಣಿ ಮಗಳನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಅವನಲ್ಲ ಕಣೆ. ನಾನು," ಅಂದಳು.

ಮಗಳು ಮೊದಲು ನಕ್ಕಳು. ಅಮ್ಮ ನಗದಿದ್ದಾಗ ಅವಳ ಮುಖ ಗಂಟಾಯಿತು.

"ಸುಳ್ಳು ಹೇಳ್ಬೇಡ. ಹೆಂಗಸ್ರಿಗೆ ಅಷ್ಟು ಬಲ ಇರಲ್ಲ."

"ನಾನು ಸಿಮೆಂಟು ಹೊರೋದು ನೋಡಿಲ್ವೇನೇ ನೀನು?"

"ಅದು ಬೇರೆ. ಅದು ಕೆಲಸ. ಇದು ಶಕ್ತಿ."

ಏಣಿ ಒಲೆ ಹಚ್ಚಲು ಕೂತಳು. ಇಷ್ಟು ವರ್ಷದಲ್ಲಿ ಮೇಸ್ತ್ರಿ, ಕಂಟ್ರಾಕ್ಟರು, ಸತ್ತ ಗಂಡ, ಎಷ್ಟೋ ಜನ ಎಷ್ಟೋ ಅಂದಿದ್ದರು. ಯಾವುದೂ ಇಷ್ಟು ನಾಟಿರಲಿಲ್ಲ. ಉಂಡು ಮಲಗುವ ಮುಂಚೆ ಮಗಳು ಗೋಡೆಯ ಕಡೆ ತಿರುಗಿ, "ನೀನೇ ಆಗಿದ್ರೆ ಗುರುತು ಏನು? ಮುಖ ಕಾಣಲ್ವಲ್ಲ," ಅಂದಳು.

ಏಣಿ ದೀಪ ಆರಿಸಿದಳು. "ಎತ್ತೋಕ್ಕೆ ಮುಂಚೆ ಕೈ ನೋಡು," ಅಂದಳು.

ಮರುದಿನ ಹಗಲೆಲ್ಲ ಅಭ್ಯಾಸ ಮಾಡಿಸಿದರು. ಅಸಿಸ್ಟೆಂಟು ಮೇಲಂಗಿಯ ಚುಂಗಿನ ಪಕ್ಕದಲ್ಲೇ ನಿಂತು, "ಮುಟ್ಟಿದ್ರೆ ಕೈ ಕತ್ತರಿಸ್ತೀನಿ," ಅನ್ನುತ್ತಿದ್ದ. ಅವಳು ಮುಟ್ಟಲಿಲ್ಲ. ಎದೆ ಉಬ್ಬಿಸೆಂದರೆ ಉಬ್ಬಿಸಿದಳು. ಬೆನ್ನಿನ ನರವೊಂದು ಚುಳ್ಳೆಂದಿತು. "ಹಾಂ, ಈಗ ಗಂಡಸಾದೆ," ಅಂದ ಅಸಿಸ್ಟೆಂಟು.

ಸಂಜೆಯ ಬೆಳಕು ಮೆಟ್ಟಿಲ ಮೇಲೆ ಬಿದ್ದಾಗ ರಾಜಕುಮಾರಿಯನ್ನು ತಂದು ಮಲಗಿಸಿದರು. ಹುಡುಗಿ ಹಕ್ಕಿಯಷ್ಟು ಹಗುರ. ಸಣ್ಣಗಿರಬೇಕೆಂದು ಅವಳಿಗೆ ಮಧ್ಯಾಹ್ನ ಊಟ ಕೊಟ್ಟಿರಲಿಲ್ಲ. ಅವಳು ತುಟಿ ಅಲುಗಿಸದೆ ಪಿಸುಗುಟ್ಟಿದಳು:

"ಅಕ್ಕ, ಬೀಳಿಸ್ಬೇಡಿ."

"ನೀವು ಸ್ವಲ್ಪ ನನ್ನ ಕತ್ತು ಹಿಡ್ಕೊಂಡ್ರೆ ಇಬ್ರಿಗೂ ಸಲೀಸು ಕಣಮ್ಮ."

"ಹಿಡ್ಕೊಳ್ಳೋ ಹಾಗಿಲ್ಲ. ನಂಗೆ ಪ್ರಜ್ಞೆ ಇಲ್ಲ. ಈ ಸಿನಿಮಾದಲ್ಲಿ ನಾಲ್ಕು ಸಲ ತಪ್ಪುತ್ತೆ. ಕಣ್ಣು ಬಿಟ್ರೆ ಮಾತಾಡ್ಬೇಕಾಗುತ್ತೆ, ಮಾತು ಬರೆದಿಲ್ಲ."

ಸೀಟಿ ಆಯಿತು. ಕ್ಯಾಮೆರಾ ಹಿಂದಿನಿಂದ ನೋಡತೊಡಗಿತು. ಏಣಿ ಬಗ್ಗಿದಳು. ಈ ಸಲ ಕೈ ತಾನಾಗಿ ಹೋಗಲಿಲ್ಲ, ಅವಳೇ ಕಳಿಸಿದಳು. ಕೆಂಪು ಚುಂಗನ್ನು ನಿಧಾನವಾಗಿ ಹಿಡಿದು, ಒಂದು ಸುತ್ತು ತಿರುಚಿ, ಎಡಕ್ಕೆ ಸಿಕ್ಕಿಸಿದಳು. ಆಮೇಲೆ ಹುಡುಗಿಯನ್ನು ಎತ್ತಿ, ಬೆನ್ನು ಬಾಗಿಸಿ, ಕಲ್ಲು ಹೊತ್ತವರು ಹತ್ತುವ ಹಾಗೆ ಹತ್ತಿದಳು.

"ಅಕ್ಕ, ಮತ್ತೆ ಸಿಕ್ಕಿಸ್ಕೊಂಡ್ರಿ," ಅಂದಳು ರಾಜಕುಮಾರಿ.

"ಗೊತ್ತು."

ನಲವತ್ತೆರಡನೇ ಮೆಟ್ಟಿಲಿಗೆ ಸೂರ್ಯ ಹೋಗಿಯಾಗಿತ್ತು. ಅಸಿಸ್ಟೆಂಟು, "ಬೋಳಿ, ಬೇಕೂಂತ ಮಾಡಿದ್ಲು ಸಾರ್," ಎಂದು ಓಡಿಬಂದ. ನಾಳೆಗೆ ಅರಮನೆ ಬಿಚ್ಚುವುದಿತ್ತು. ಡೈರೆಕ್ಟರು ಹಣೆ ಒತ್ತಿಕೊಂಡು, "ಇರ್ಲಿ ಬಿಡ್ರೋ. ಸ್ಟೈಲು ಅಂದ್ಕೋತಾರೆ," ಅಂದರು. ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕುರ್ಚಿಯಲ್ಲಿದ್ದ ಹೀರೋ ಮಾನಿಟರಿನಲ್ಲಿ ಎರಡು ಸಲ ನೋಡಿ, "ನನ್ನ ನಡಿಗೆ ಚೆನ್ನಾಗಿ ಬಂದಿದೆ," ಅಂದ.

ಸಿನಿಮಾ ಬಂದ ವಾರ ಹೆಂಗಸರೆಲ್ಲ ಏಣಿಯ ಮಗಳನ್ನೂ ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದರು. ತಗ್ಗು ಸೂರಿನ ಹಳೆಯ ಟಾಕೀಸು, ಮುಂದಿನ ಸಾಲು. ತೆರೆಯ ಮೇಲೆ ತಮ್ಮನ್ನು ರಾಕ್ಷಸಿಯರಾಗಿ ಕಂಡು ಒಬ್ಬರನ್ನೊಬ್ಬರು ತಿವಿದರು. ಆಮೇಲೆ ಮೆಟ್ಟಿಲು ಬಂತು, ಸಂಜೆಯ ಬೆಳಕು ಬಂತು. ಕೆಂಪು ಮೇಲಂಗಿಯ ಬೆನ್ನು ಬಗ್ಗಿತು. ಕೈ ಚುಂಗು ಹಿಡಿದು, ತಿರುಚಿ, ಎಡಕ್ಕೆ ಸಿಕ್ಕಿಸಿತು.

ಟಾಕೀಸು ಸಿಳ್ಳೆ ಹಾಕಿತು. "ಗಂಡ್ಸು ಅಂದ್ರೆ ಇವ್ನು ಕಣ್ಲಾ," ಅಂದ ಹಿಂದಿನವನೊಬ್ಬ. ಆಗಲೇ ಎರಡನೇ ಸಲ ನೋಡುತ್ತಿದ್ದ ನಾಲ್ಕು ಹುಡುಗರು ಎದ್ದು ನಿಂತು ಅಂಗಿಯ ಚುಂಗನ್ನು ತಿರುಚಿ ಎಡಕ್ಕೆ ಸಿಕ್ಕಿಸಿಕೊಂಡರು.

ಮಗಳು ಸಿಳ್ಳೆ ಹಾಕಲಿಲ್ಲ. ತೆರೆ ನೋಡಿದಳು, ಅಮ್ಮನ ಕೈ ನೋಡಿದಳು. ಸೀಟಿನ ಮೇಲೆ ಹತ್ತಿ ನಿಂತು, ಶಾಲೆಯಲ್ಲಿ ಹಾಜರಿ ಹೇಳುವ ದನಿಯಲ್ಲಿ ಅಂದಳು:

"ಅದು ನಮ್ಮಮ್ಮ."

ಟಾಕೀಸಿಗೆ ಟಾಕೀಸೇ ನಕ್ಕಿತು. "ಹೀರೋ ನಿಮ್ಮಮ್ಮನಾ? ಹಾಗಾದ್ರೆ ರಾಕ್ಷಸಿ ನಿಮ್ಮಪ್ಪನಾ?"

"ಅದು ನಮ್ಮಮ್ಮನೇ."

ಎರಡು ಸಾಲು ಹಿಂದೆ ಕೂತಿದ್ದ ಮೇಸ್ತ್ರಿ ಮುಂದಕ್ಕೆ ಬಾಗಿದ. "ಏಣಿ, ಮಗಳ ಬಾಯಿ ಮುಚ್ಚಿಸು. ನಿಮ್ಗೆಲ್ಲ ಕೆಲಸ ಬೇಕೋ ಬೇಡ್ವೋ?"

ಏಣಿ ಪಕ್ಕಕ್ಕೆ ನೋಡಿದಳು. ಗುಂಪಿನ ಹಿರಿಯಳು ತೆರೆಯಿಂದ ಕಣ್ಣು ತೆಗೆಯದೆ ಗದ್ದ ಎತ್ತಿದಳು, ಹೂಂ ಅನ್ನುವ ಹಾಗೆ.

ಏಣಿ ಎದ್ದಳು. ಸೆರಗಿನ ಚುಂಗು ಹಿಡಿದು, ಒಂದು ಸುತ್ತು ತಿರುಚಿ, ಎಡಕ್ಕೆ ಸಿಕ್ಕಿಸಿ, ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಅಷ್ಟರಲ್ಲಿ ತೆರೆಯ ತುಂಬ ಹೀರೋನ ಮುಖ ಬಂದಿತ್ತು, ಹಣೆಗೆ ಚಿಮುಕಿಸಿದ ಬೆವರಿನ ಸಮೇತ. ಅದರ ಮೇಲೆ ಅಮ್ಮ ಮಗಳ ನೆರಳು ಬಿತ್ತು.

"ಕೂತ್ಕೊಳ್ರೇ, ಹೀರೋ ಮುಖ ಕಾಣ್ತಿಲ್ಲ," ಎಂದು ಹಿಂದಿನಿಂದ ಕೂಗಿದರು.

ಅವಳು ಕೂರಲಿಲ್ಲ. ಪಕ್ಕದಲ್ಲಿ ಹಿರಿಯಳೂ ಎದ್ದು ಚುಂಗು ಸಿಕ್ಕಿಸತೊಡಗಿದ್ದಳು.